ಬಾನೆಟ್ ಮೇಲಿನ ಅಟ್ಟ: ಬಾಡಿಗೆ ಮನೆಯ ಪಾರ್ಕಿಂಗ್ ಜಾಗಕ್ಕೆ ಸ್ಲಾಟೆಡ್ ಆಂಗಲ್ ರ್ಯಾಕ್

ಕಾರು ನಿಲ್ಲಿಸುವ ಜಾಗದಲ್ಲಿ ಗೋಡೆಗೆ ಒಂದು ತೂತನ್ನೂ ಕೊರೆಯದೆ, ಮನೆ ಬದಲಿಸುವಾಗ ಬಿಚ್ಚಿ ಒಯ್ಯುವಂತೆ, ದೊಡ್ಡ ಗಾತ್ರದ ಸಾಮಾನುಗಳಿಗೆ ಒಂದು ಅಟ್ಟ ಬೇಕು ಎನ್ನುವವರಿಗೆ ಸ್ಲಾಟೆಡ್ ಆಂಗಲ್‌ನಲ್ಲಿ (ಉದ್ದಕ್ಕೂ ಬೋಲ್ಟಿನ ತೂತುಗಳಿರುವ ಎಲ್ ಆಕಾರದ ಉಕ್ಕಿನ ಪಟ್ಟಿ) ಹೇಳಿ ಮಾಡಿಸುವ ರ್ಯಾಕಿಗಿಂತ ಒಳ್ಳೆಯ ಆಯ್ಕೆ ಸದ್ಯಕ್ಕೆ ನನಗೆ ಕಂಡಿಲ್ಲ. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿರುವ ರೆಡಿಮೇಡ್ ರ್ಯಾಕನ್ನು ತಂದರೆ ಮಾತ್ರ ಈ ಕೆಲಸ ಆಗುವುದಿಲ್ಲ. ಅಡ್ಡ ತೊಲೆಯ ಉದ್ದ, ಮೂಲೆಯ ಓರೆ ಆಸರೆ ಮತ್ತು ತಗಡಿನ ದಪ್ಪ, ಈ ಮೂರನ್ನು ಕೊಳ್ಳುವವರೇ ಬಾಯಿಬಿಟ್ಟು ಕೇಳಿ ನಿಗದಿ ಮಾಡಿಸಿಕೊಳ್ಳಬೇಕು. ಹಾಗೆ ಮಾಡಿಸಿಕೊಂಡ ಅಟ್ಟವೊಂದು ನಮ್ಮ ಬಾಡಿಗೆ ಮನೆಯ ಪಾರ್ಕಿಂಗ್‌ನಲ್ಲಿ ಒಂದು ಇಡೀ ಮಳೆಗಾಲವನ್ನೂ ದಸರೆಯನ್ನೂ ಕಳೆದು ನಿಂತಿದೆ. ಅದರ ಗುಣದೋಷಗಳನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೂವತ್ತು ನಲವತ್ತರ ನಿವೇಶನದ ಮನೆಗಳಲ್ಲಿ ವಾಸಿಸುವ ಎಲ್ಲರಿಗೂ ಈ ತೊಂದರೆ ಗೊತ್ತಿರುತ್ತದೆ. ಮನೆಯೊಳಗಿನ ಸಜ್ಜ ಸೂಟ್‌ಕೇಸುಗಳಿಗೇ ತುಂಬಿಹೋಗುತ್ತದೆ. ಬೇಸಿಗೆಯ ನಂತರ ಏರ್‌ಕೂಲರ್, ದಸರೆಯ ನಂತರ ಗೊಂಬೆಗಳ ಟ್ರಂಕು ಮತ್ತು ಮೆಟ್ಟಿಲು ಹಲಗೆಗಳು, ಊರಿನಿಂದ ತಂದ ತಾಮ್ರದ ಹಂಡೆ, ಮಡಚುವ ಮಂಚ, ಮಕ್ಕಳ ಸೈಕಲ್ಲು, ಹೆಚ್ಚುವರಿ ಹಾಸಿಗೆ ಇವೆಲ್ಲ ಪಾರ್ಕಿಂಗ್‌ನ ಮೂಲೆಗೆ ಬರುತ್ತವೆ. ನೆಲದ ಮೇಲೆ ಇಟ್ಟರೆ ಕಾರಿಗೆ ಜಾಗವಿಲ್ಲ, ಜೊತೆಗೆ ನೀರಿನ ಭಯ ಬೇರೆ. ಪ್ರತಿ ಸಲ ಡಾಂಬರು ಹಾಕಿದಾಗಲೂ ರಸ್ತೆ ಒಂದಿಷ್ಟು ಮೇಲೇರುವುದರಿಂದ ಬೆಂಗಳೂರಿನ ಹಳೆಯ ಬಡಾವಣೆಗಳ ಎಷ್ಟೋ ಮನೆಗಳ ಪಾರ್ಕಿಂಗ್ ಈಗ ರಸ್ತೆಗಿಂತ ಕೆಳಗಿದೆ. ಏಪ್ರಿಲ್ ಮತ್ತು ಮೇ ತಿಂಗಳ ಗುಡುಗು ಮಳೆಯಲ್ಲಾಗಲಿ ಸೆಪ್ಟೆಂಬರ್, ಅಕ್ಟೋಬರ್‌ನ ಸುದೀರ್ಘ ಮಳೆಯಲ್ಲಾಗಲಿ ಗೇಟಿನ ಕೆಳಗಿಂದ ನೀರು ಒಳಕ್ಕೆ ಬರುವುದು ಅಪರೂಪವಲ್ಲ. 2022ರ ಸೆಪ್ಟೆಂಬರ್‌ನಲ್ಲಿ ನಗರದ ಪೂರ್ವ ಭಾಗದ ಬಡಾವಣೆಗಳು ಮುಳುಗಿದಾಗ ನೆಲದ ಮೇಲಿದ್ದ ಸಾಮಾನಿನ ಗತಿ ಏನಾಯಿತೆಂದು ಎಲ್ಲರೂ ಕಂಡಿದ್ದೇವೆ. ನಾಲ್ಕೂವರೆ ಅಡಿ ಎತ್ತರದಲ್ಲಿ, ಕಾರಿನ ಬಾನೆಟ್‌ನ ಮೇಲ್ಭಾಗದಲ್ಲಿ, ದಿನವಿಡೀ ಖಾಲಿ ಬಿದ್ದಿರುವ ಜಾಗಕ್ಕೆ ಕಣ್ಣು ಹೋದದ್ದು ಹೀಗೆ.

ಬೇರೆ ದಾರಿಗಳನ್ನೂ ವಿಚಾರಿಸಿದ್ದೆವು. ಸೂರಿನಿಂದ ಇಳಿಬಿಡುವ ರ್ಯಾಕಿಗೆ ಸ್ಲ್ಯಾಬಿನಲ್ಲಿ ಆಂಕರ್ ಬೋಲ್ಟಿನ ತೂತು ಕೊರೆಯಬೇಕಾಗುತ್ತದೆ. ಅದಕ್ಕೆ ಮನೆ ಮಾಲೀಕರು ಒಪ್ಪುವುದಿಲ್ಲ, ಒಪ್ಪಿದರೂ ಖಾಲಿ ಮಾಡುವಾಗ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತಾರೆ. ಸರ್ವೆ ಮರದ ಕಂಬಗಳಲ್ಲಿ ಕಟ್ಟಿದರೆ ಅಗ್ಗವಾಗುತ್ತದೆ ನಿಜ, ಆದರೆ ನೆಲಕ್ಕೆ ತಾಗಿದ ಮರಕ್ಕೆ ತೇವ ಏರಿ ಗೆದ್ದಲು ಹಿಡಿಯುವುದಕ್ಕೆ ಹೆಚ್ಚು ಕಾಲ ಬೇಕಿಲ್ಲ. ಕಾಂಕ್ರೀಟ್ ಬ್ಲಾಕುಗಳನ್ನು ಒಂದರ ಮೇಲೊಂದು ಪೇರಿಸಿ ಹಲಗೆ ಹಾಸುವುದನ್ನು ಮೊಣಕಾಲೆತ್ತರಕ್ಕಿಂತ ಮೇಲೆ ಯಾರೂ ಯೋಚಿಸಲೇಬಾರದು, ಅದರಲ್ಲೂ ಕಾರಿನ ಬಂಪರ್ ತಾಗಬಹುದಾದ ಜಾಗದಲ್ಲಿ. ಆನ್‌ಲೈನಿನಲ್ಲಿ ಸಿಗುವ ಬೋಲ್ಟಿಲ್ಲದ ರ್ಯಾಕುಗಳು ನೋಡಲು ಚೆನ್ನಾಗಿವೆ. ಆದರೆ ಅವು ಬರುವುದು ಮೂರು ನಾಲ್ಕು ಅಡಿ ಅಗಲದಲ್ಲಿ, ಕಾರನ್ನು ನಡುವೆ ಬಿಟ್ಟುಕೊಂಡು ಎರಡೂ ಪಕ್ಕಕ್ಕೆ ಕಾಲೂರಿ ನಿಲ್ಲುವುದು ಅವುಗಳಿಂದ ಸಾಧ್ಯವಿಲ್ಲ.

ನಾವು ಮಾಡಿಸಿದ್ದು ಎಸ್.ಜೆ.ಪಿ. ರಸ್ತೆಯ ಆಸುಪಾಸಿನ ಒಂದು ರ್ಯಾಕ್ ಅಂಗಡಿಯಲ್ಲಿ. ಪೀಣ್ಯದಲ್ಲಿ ತಯಾರಕರೇ ಇದ್ದಾರೆ, ಗೋದಾಮಿಗೆ ಹತ್ತಾರು ರ್ಯಾಕ್ ಬೇಕಾದವರಿಗೆ ಅಲ್ಲಿಗೆ ಹೋಗುವುದೇ ಲಾಭ. ಒಂದೇ ಒಂದು ರ್ಯಾಕನ್ನು, ಅದೂ ವಿಚಿತ್ರ ಅಳತೆಯದನ್ನು, ಕುಳಿತು ಕೇಳಿಸಿಕೊಂಡು ಕತ್ತರಿಸಿ ಕೊಡುವ ತಾಳ್ಮೆ ಪೇಟೆಯ ಅಂಗಡಿಗಳಲ್ಲಿ ಹೆಚ್ಚು. ಅಂಗಡಿಯ ಹಿರಿಯರು ಮೊದಲು ಕೇಳಿದ ಪ್ರಶ್ನೆಯೇ ನನಗೆ ಮೆಚ್ಚುಗೆಯಾಯಿತು: "ಯಾವ ಗಾಡಿ ಸಾರ್? ಮೂತಿ ಒಳಗೋ, ಡಿಕ್ಕಿ ಒಳಗೋ?" ಡಿಕ್ಕಿಯನ್ನು ಒಳಮುಖವಾಗಿ ನಿಲ್ಲಿಸುವವರಿಗೆ ಈ ಅಟ್ಟ ಒದಗುವುದಿಲ್ಲ. ಹ್ಯಾಚ್‌ಬ್ಯಾಕ್ ಕಾರಿನ ಹಿಂಬಾಗಿಲು ಮೇಲಕ್ಕೆ ತೆರೆದುಕೊಳ್ಳುವುದರಿಂದ ಪ್ರತಿ ಸಲವೂ ತೊಲೆಗೆ ಬಡಿಯುತ್ತದೆ. ನಮ್ಮದು ಮೂತಿ ಒಳಗೆ ನಿಲ್ಲುವ ಸಣ್ಣ ಕಾರು. ಹಾಗಾಗಿ ಒಳಗಿನ ಬಿಡುವು ಆರೂವರೆ ಅಡಿ, ಆಳ ಎರಡೂವರೆ ಅಡಿ, ಕಾಲುಗಳ ಎತ್ತರ ಏಳು ಅಡಿ ಎಂದು ನಿಗದಿಯಾಯಿತು. ಎರಡೂವರೆ ಅಡಿ ಆಳವೆಂದರೆ ಅಟ್ಟ ಬಾನೆಟ್‌ನ ಮೇಲಷ್ಟೇ ಚಾಚಿಕೊಳ್ಳುತ್ತದೆ, ಮುಂದಿನ ಗಾಜಿನವರೆಗೆ ಬರುವುದಿಲ್ಲ. ಮುಂಗಾಲುಗಳು ಬಾಗಿಲುಗಳಿಗಿಂತ ಮುಂದೆಯೇ ನಿಲ್ಲುವುದರಿಂದ ಬಾಗಿಲು ತೆರೆಯುವುದಕ್ಕೂ ಅಡ್ಡಿಯಿಲ್ಲ.

ಇನ್ನು ಗೇಜಿನ ವಿಷಯ. ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳುವಾಗುತ್ತದೆ ಎಂಬುದನ್ನು ಹೊಸಬರು ಗಮನದಲ್ಲಿಡಬೇಕು. ಕಾಲು ಮತ್ತು ತೊಲೆಗಳಿಗೆ 14 ಗೇಜ್, ಎಂದರೆ ಸುಮಾರು 2 ಮಿಲಿಮೀಟರ್ ದಪ್ಪದ ಆಂಗಲ್ ಬೇಕು. 16 ಗೇಜಿನದು 1.6 ಮಿಲಿಮೀಟರ್ ಇರುತ್ತದೆ, ಬಣ್ಣ ಬಳಿದ ಮೇಲೆ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ವರ್ನಿಯರ್ ಕ್ಯಾಲಿಪರ್ ಇಲ್ಲದವರು ತೂಗಿ ನೋಡಬಹುದು. ಉಕ್ಕಿನ ಸಾಂದ್ರತೆ ಘನಮೀಟರಿಗೆ 7,850 ಕಿಲೋಗ್ರಾಂ ಎಂದು ಹಿಡಿದು ಲೆಕ್ಕ ಹಾಕಿದರೆ, 38 ಮಿಲಿಮೀಟರ್ ಅಗಲದ ಎರಡು ಮೈಗಳಿರುವ ಹತ್ತು ಅಡಿಯ ಆಂಗಲ್, ತೂತುಗಳೇ ಇಲ್ಲವೆಂದು ಹಿಡಿದು ಎಣಿಸಿದಾಗ, 2 ಮಿಲಿಮೀಟರ್ ದಪ್ಪದಲ್ಲಿ ಮೂರೂವರೆ ಕಿಲೋ, 1.6 ಮಿಲಿಮೀಟರ್ ದಪ್ಪದಲ್ಲಿ 2.8 ಕಿಲೋ ಆಗುತ್ತದೆ. ತೂತುಗಳಿಂದ ಎರಡರ ತೂಕವೂ ಒಂದಿಷ್ಟು ಇಳಿಯುತ್ತದೆ. ಹೀಗಾಗಿ ಎರಡು ತುಂಡುಗಳನ್ನು ಅಕ್ಕಪಕ್ಕ ತಕ್ಕಡಿಗೆ ಹಾಕಿಸಿ ನೋಡುವುದೇ ನೇರವಾದ ಪರೀಕ್ಷೆ. ತಕ್ಕಡಿಗೆ ಹಾಕಲು ಬೇಸರಿಸುವ ಅಂಗಡಿಯಿಂದ ಎದ್ದು ಬರುವುದು ಲೇಸು.

ಈ ಇಡೀ ಕೆಲಸದ ಹೃದಯವಿರುವುದು ಮುಂದಿನ ತೊಲೆಯಲ್ಲಿ. ಸಾಮಾನ್ಯ ರ್ಯಾಕಿನಲ್ಲಿ ಎರಡು ಕಾಲುಗಳ ನಡುವೆ ಮೂರು ಅಡಿ ಅಂತರವಿರುತ್ತದೆ, ನಮಗೆ ಬೇಕಾದದ್ದು ಆರೂವರೆ ಅಡಿ, ಮಧ್ಯದಲ್ಲಿ ಕಾಲು ಕೊಡುವಂತಿಲ್ಲ, ಏಕೆಂದರೆ ಅಲ್ಲಿ ಕಾರು ನಿಲ್ಲುತ್ತದೆ. ತೂಕ ಅಷ್ಟೇ ಇದ್ದು ತೊಲೆಯ ಉದ್ದ ಎರಡು ಪಟ್ಟಾದರೆ ಬಾಗು ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತದೆ. ಬಾಗು ಉದ್ದದ ಘನಕ್ಕೆ ಅನುಗುಣವಾಗಿ ಏರುವುದೇ ಇದಕ್ಕೆ ಕಾರಣ. ಒಂದರ ಬೆನ್ನಿಗೊಂದು ಕೊಟ್ಟು ಎರಡು ಆಂಗಲ್ ಜೋಡಿಸುವುದು ಅಂಗಡಿಗಳಲ್ಲಿ ರೂಢಿಯಲ್ಲಿರುವ ಪರಿಹಾರ. ಅದರಿಂದ ಬಿಗಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಎಂಟು ಪಟ್ಟಿನ ಬಾಗಿಗೆ ಅದೊಂದೇ ಸಾಲದು. ಉಳಿದ ಭಾರವನ್ನು ಹೊರುವುದು ಓರೆ ಆಸರೆ: ಎರಡೂ ಮೂಲೆಗಳಲ್ಲಿ ಕಾಲಿನಿಂದ ತೊಲೆಗೆ ನಲವತ್ತೈದು ಡಿಗ್ರಿಯಲ್ಲಿ, ತಲಾ ಒಂದು ಅಡಿ ಒಳಕ್ಕೆ ಬರುವಂತೆ ಬಿಗಿಯುವ ಆಂಗಲ್ ತುಂಡು. ಇದರಿಂದ ಆಸರೆಯಿಲ್ಲದ ಉದ್ದ ಆರೂವರೆಯಿಂದ ನಾಲ್ಕೂವರೆ ಅಡಿಗೆ ಇಳಿಯುತ್ತದೆ, ಲೆಕ್ಕದ ಮಟ್ಟಿಗೆ ಬಾಗು ಸುಮಾರು ಮೂರರಲ್ಲಿ ಒಂದು ಪಾಲಾಗುತ್ತದೆ. ಒಂದು ಅಡಿಗಿಂತ ಉದ್ದದ ಆಸರೆ ಕೊಟ್ಟರೆ ಇನ್ನೂ ಗಟ್ಟಿಯಾಗುವುದು ದಿಟ, ಆದರೆ ಆಗ ಅದು ಕಾರಿನ ಮಡ್‌ಗಾರ್ಡಿನ ಹತ್ತಿರಕ್ಕೆ ಬರುತ್ತದೆ. ಓರೆ ಆಸರೆ ಹಾಕದೆ "ಡಬಲ್ ಆಂಗಲ್ ಇದೆಯಲ್ಲ, ಏನೂ ಆಗಲ್ಲ" ಎನ್ನುವ ಅಂಗಡಿಯವರ ಮಾತನ್ನು ಒಪ್ಪಿಕೊಳ್ಳಬೇಡಿ.

ಜೋಡಣೆಗೆ ಬಂದ ಫಿಟ್ಟರ್ ತನ್ನ ಕಸುಬನ್ನು ಬಲ್ಲವನಾಗಿದ್ದ. ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಲ್ಲೇ ತಿರುಗಿಸಿ ಸಡಿಲವಾಗಿ ಬಿಟ್ಟ. ಇಡೀ ಚೌಕಟ್ಟು ಎದ್ದು ನಿಂತ ಮೇಲೆ ಟೇಪು ತೆಗೆದು ಎಡ ಮೇಲ್ಮೂಲೆಯಿಂದ ಬಲ ಕೆಳಮೂಲೆಗೂ, ಬಲ ಮೇಲ್ಮೂಲೆಯಿಂದ ಎಡ ಕೆಳಮೂಲೆಗೂ ಅಳೆದ. ಎರಡು ಅಳತೆಗಳ ನಡುವೆ ಬೆರಳಗಲ ವ್ಯತ್ಯಾಸ ಬಂತು. ಉದ್ದ ಬಂದ ಕಡೆಯ ಕಾಲನ್ನು ಅಂಗೈಯಿಂದ ತಟ್ಟುತ್ತಾ, ಮತ್ತೆ ಅಳೆಯುತ್ತಾ, ಎರಡೂ ಸಮನಾದ ಮೇಲೆಯೇ 13ನೇ ನಂಬರಿನ ಸ್ಪ್ಯಾನರ್ ಕೈಗೆ ತೆಗೆದುಕೊಂಡ. "ಮೊದಲೇ ಟೈಟ್ ಮಾಡಿಬಿಟ್ರೆ ಆಮೇಲೆ ಸೊಟ್ಟ ಹಂಗೇ ಉಳಿದುಬಿಡುತ್ತೆ ಸಾರ್" ಎಂದು ಹೇಳಿದ. ಪ್ರತಿ ಮೂಲೆಗೂ ತ್ರಿಕೋನದ ಕಾರ್ನರ್ ಪ್ಲೇಟ್, ಪ್ರತಿ ಪ್ಲೇಟಿಗೂ ಸಾಕಷ್ಟು ಬೋಲ್ಟು ಬೀಳುವಂತೆ ನೋಡಿಕೊಂಡ. ನಮ್ಮ ಪಾರ್ಕಿಂಗ್‌ನ ನೆಲ ನೀರು ಹರಿದುಹೋಗಲೆಂದು ಗೇಟಿನ ಕಡೆಗೆ ಇಳಿಜಾರಾಗಿದೆ, ಬೆಂಗಳೂರಿನ ಬಹುತೇಕ ಮನೆಗಳಲ್ಲಿ ಹಾಗೆಯೇ ಇರುತ್ತದೆ. ಆದ್ದರಿಂದ ಮುಂಗಾಲುಗಳ ಕೆಳಗೆ ತಗಡಿನ ಪ್ಯಾಕಿಂಗ್ ಕೊಟ್ಟು, ರಸಮಟ್ಟ ಇಟ್ಟು ನೋಡಿ ಮಟ್ಟ ಮಾಡಿದ. ಈ ಹಂತವನ್ನು ಹಾರಿಸಿದರೆ ಅಟ್ಟವೇ ಕಾರಿನ ಕಡೆಗೆ ವಾಲಿಕೊಂಡು ನಿಲ್ಲುತ್ತದೆ.

ಗೋಡೆಗೆ ತೂತಿಲ್ಲದೆ ಅಲುಗಾಟ ತಡೆಯುವುದು ಹೇಗೆ ಎಂಬುದು ನನ್ನ ದೊಡ್ಡ ಚಿಂತೆಯಾಗಿತ್ತು. ನಾಲ್ಕು ಮೂಲೆಗಳ ಚೌಕ ತಳ್ಳಿದರೆ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ಆದ್ದರಿಂದ ಗೋಡೆಯ ಕಡೆಯ ಹಿಂಭಾಗಕ್ಕೆ ಒಂದು, ಎರಡು ಪಕ್ಕಗಳಿಗೆ ಒಂದೊಂದು ಕ್ರಾಸ್ ಪಟ್ಟಿಯ ಜೋಡಿಯನ್ನು ಹಾಕಿಸಿದೆವು. ಮುಂಭಾಗದಲ್ಲಿ ಕಾರು ಬರುವುದರಿಂದ ಅಲ್ಲಿ ಓರೆ ಆಸರೆಗಳಷ್ಟೇ. ಇಷ್ಟಾದರೂ ಭಾರವೆಲ್ಲ ಮೇಲೆಯೇ ಇರುವ ರಚನೆಯಿದು, ಹತ್ತಿ ಇಳಿಯುವಾಗ ಯಾರಾದರೂ ಜಗ್ಗಿದರೆ ಮುಂದಕ್ಕೆ ಬೀಳುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಹಿಂಗೋಡೆಯಲ್ಲಿ ಕಿಟಕಿ ಇದ್ದುದು ನಮ್ಮ ಪುಣ್ಯ. ಅದರ ಕಬ್ಬಿಣದ ಗ್ರಿಲ್ಲಿಗೆ ಹಿಂಗಾಲುಗಳಿಂದ ಎರಡು ಯು ಕ್ಲ್ಯಾಂಪ್ ಹಾಕಿ, ನಡುವೆ ರಬ್ಬರ್ ತುಂಡು ಕೊಟ್ಟು ಬಿಗಿಸಿದ್ದೇವೆ. ಗ್ರಿಲ್ಲೂ ಇಲ್ಲದ, ತೂತು ಕೊರೆಯಲು ಅನುಮತಿಯೂ ಇಲ್ಲದ ಜಾಗದಲ್ಲಿ ಏಳಡಿ ಎತ್ತರದ ಅಟ್ಟ ಹಾಕಿಸಬೇಡಿ ಎಂದೇ ನನ್ನ ಸಲಹೆ. ಮಕ್ಕಳು ಓಡಾಡುವ ಮನೆಯಲ್ಲಂತೂ ಈ ವಿಷಯದಲ್ಲಿ ರಾಜಿ ಬೇಡ.

ಎರಡು ಅಂತಸ್ತಿನ ಈ ಅಟ್ಟದಲ್ಲಿ ಕೆಳಗಿನ ಅಂತಸ್ತಿಗೆ ತಗಡಿನ ಶೆಲ್ಫಿನ ಬದಲು 18 ಮಿಲಿಮೀಟರಿನ ಪ್ಲೈವುಡ್ ಹಾಸಿದೆವು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಎಂಟು ನಾಲ್ಕರ ಹಾಳೆಯನ್ನು ಅಲ್ಲೇ ಅಳತೆಗೆ ಕೊಯ್ಯಿಸಿ ತಂದೆವು. ಪ್ಲೈವುಡ್ಡಿನ ಮೇಲೆ ಐಎಸ್ 303 ಎಂಬ ಮುದ್ರೆಯ ಜೊತೆಗೆ ಬಿಡಬ್ಲ್ಯುಆರ್ (ಕುದಿನೀರನ್ನೂ ತಡೆಯುವ ದರ್ಜೆ) ಎಂದು ಇರಬೇಕು, ಬರೀ ತೇವಾಂಶ ತಡೆಯುವ ಎಂಆರ್ ದರ್ಜೆಯದು ತೇವದ ಪಾರ್ಕಿಂಗ್‌ಗೆ ಬಾಳಿಕೆ ಬರುವುದಿಲ್ಲ. ಐಎಸ್ 710ರ ಮರೈನ್ ಪ್ಲೈ ಇನ್ನೂ ಗಟ್ಟಿ, ಆದರೆ ನೀರು ನೇರವಾಗಿ ಬೀಳದ ಜಾಗಕ್ಕೆ ಅಷ್ಟು ಹಣ ಹಾಕುವ ಅಗತ್ಯವಿಲ್ಲ. ಒಂದೇ ಅಖಂಡ ಹಲಗೆಯಾದ್ದರಿಂದ ಟ್ರಂಕಿನ ಮೂಲೆ ಎಲ್ಲಿ ಕೂತರೂ ಭಾರ ಹಂಚಿಹೋಗುತ್ತದೆ. ಅಂಗಡಿಯವರು "ಒಂದು ಶೆಲ್ಫಿಗೆ ನೂರು ಕೆ.ಜಿ." ಎಂದು ಹೇಳುವುದು ಉದ್ದಗಲಕ್ಕೂ ಸಮವಾಗಿ ಹಂಚಿದ ಭಾರಕ್ಕೆ ಮಾತ್ರ ಅನ್ವಯಿಸುತ್ತದೆ, ನಡುಮಧ್ಯದಲ್ಲಿ ಇಟ್ಟ ಒಂದೇ ಹಂಡೆಗೆ ಅಲ್ಲ. ಹಾಗಾಗಿ ನಮ್ಮಲ್ಲಿ ಟ್ರಂಕುಗಳು ಮತ್ತು ಹಂಡೆ ಎರಡೂ ತುದಿಗಳಲ್ಲಿ ಕಾಲುಗಳ ಹತ್ತಿರವಿವೆ, ಏರ್‌ಕೂಲರ್ ನಡುವೆ ಇದೆ, ಹಾಸಿಗೆ ಮತ್ತು ಖಾಲಿ ಸೂಟ್‌ಕೇಸುಗಳು ಮೇಲಿನ ಅಂತಸ್ತಿನಲ್ಲಿವೆ. ತೊಲೆಯ ಎರಡು ತುದಿಗಳಿಗೆ ದಾರ ಎಳೆದು ಕಟ್ಟಿ ಸ್ಕೇಲಿನಿಂದ ನೋಡಿದರೆ ಮಧ್ಯದಲ್ಲಿ 6 ಮಿಲಿಮೀಟರ್ ಬಾಗು ಕಾಣುತ್ತದೆ. ರ್ಯಾಕ್ ಕಸುಬಿನಲ್ಲಿ ತೊಲೆಯ ಉದ್ದದ ಇನ್ನೂರನೇ ಒಂದು ಭಾಗದವರೆಗೆ ಬಾಗನ್ನು ಒಪ್ಪುವ ರೂಢಿಯಿದೆ. ನಮ್ಮ ತೊಲೆಗೆ ಅದು ಸುಮಾರು 10 ಮಿಲಿಮೀಟರ್. ಮಳೆಗಾಲ ಮುಗಿದ ಮೇಲೆ ಮತ್ತೆ ಅಳೆದಾಗಲೂ ಬಾಗು ಹೆಚ್ಚಿರಲಿಲ್ಲ.

ದಿನನಿತ್ಯದ ಬಳಕೆಯಲ್ಲಿ ಎರಡು ಅನಾನುಕೂಲಗಳಿವೆ. ಬಾನೆಟ್ ಎತ್ತಬೇಕಾದಾಗ ಕಾರನ್ನು ಹಿಂದಕ್ಕೆ ತೆಗೆಯಲೇಬೇಕು. ಬ್ಯಾಟರಿ ಇಳಿದುಹೋದ ಬೆಳಗ್ಗೆ ಅದನ್ನು ತಳ್ಳಿಯೇ ಹೊರತರಬೇಕಾಗುತ್ತದೆ, ಒಬ್ಬರೇ ಇರುವವರು ಇದನ್ನು ಯೋಚಿಸಿಕೊಳ್ಳಲಿ. ಎರಡನೆಯದು ಇಲಿ. ಬೆಂಗಳೂರಿನಲ್ಲಿ ಕಾರಿನ ವೈರು ಕಡಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಂಜಿನ್ನಿನ ನೆತ್ತಿಯ ಮೇಲೆಯೇ ರಟ್ಟಿನ ಪೆಟ್ಟಿಗೆ, ಹಳೆಯ ಬಟ್ಟೆ, ಪೇಪರಿನ ಗಂಟು ಇಟ್ಟರೆ ಇಲಿಗೆ ಗೂಡು ಕಟ್ಟಿಕೊಟ್ಟ ಹಾಗೆ. ನಮ್ಮ ಅಟ್ಟದಲ್ಲಿ ರಟ್ಟಿಗೆ ಜಾಗವಿಲ್ಲ, ಇರುವುದೆಲ್ಲ ಟ್ರಂಕಿನಲ್ಲಿದೆ ಅಥವಾ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿದೆ, ಹಾಸಿಗೆಗೆ ದಪ್ಪ ಪ್ಲಾಸ್ಟಿಕ್ ಹೊದಿಕೆ ಸುತ್ತಿದೆ. ಪೇಂಟು, ಥಿನ್ನರ್, ಸೀಮೆಎಣ್ಣೆ, ಗ್ಯಾಸ್ ಸಿಲಿಂಡರ್ ಇವುಗಳನ್ನು ಬಿಸಿ ಎಂಜಿನ್ನಿನ ಮೇಲೆ ಇಡುವ ಪ್ರಶ್ನೆಯೇ ಬರಬಾರದು. ಕಾರು ಮುಂಗಾಲಿಗೆ ತಾಗದಂತೆ ಮುಂದಿನ ಚಕ್ರಗಳು ನಿಲ್ಲುವಲ್ಲಿ ನೆಲಕ್ಕೆ ರಬ್ಬರಿನ ಅಡ್ಡಗಟ್ಟೆ ಇಟ್ಟಿದ್ದೇವೆ. ಅಟ್ಟದ ಖರ್ಚಿನ ಜೊತೆಗೆ ಇದರ ಖರ್ಚನ್ನೂ ಸೇರಿಸಿಕೊಂಡೇ ಲೆಕ್ಕ ಹಾಕಬೇಕು.

ಅಂಗಡಿಯ ಬಗ್ಗೆ ಒಂದು ಗಂಭೀರವಾದ ತಕರಾರಿದೆ. ಮೇಲಿನ ಅಂತಸ್ತಿನ ತಗಡಿಗೆ 20 ಗೇಜ್ ಎಂದು ಮಾತಾಗಿತ್ತು, ಬಂದದ್ದು 22 ಗೇಜಿನದು. ಕೈಯಲ್ಲಿ ಹಿಡಿದು ಅಲುಗಿಸಿದರೆ ಡಬಡಬ ಎನ್ನುತ್ತಿತ್ತು. ಫೋನ್ ಮಾಡಿದಾಗ ಮೊದಲು ಎರಡೂ ಒಂದೇ ಎಂದು ವಾದಿಸಿದರು. ಅಳತೆಯ ಫೋಟೊ ಕಳುಹಿಸಿದ ಮೇಲೆ ಒಪ್ಪಿ ಬದಲಿಸಿಕೊಟ್ಟರು, ಆದರೆ ಎರಡನೇ ಸಲದ ಲಗೇಜ್ ಆಟೊ ಬಾಡಿಗೆಯನ್ನು ನಮ್ಮಿಂದಲೇ ಕೇಳಿದರು. ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಕತ್ತರಿಸಿದ ತುದಿಗಳಿಗೆ ಪ್ರೈಮರ್ ಬಳಿಯದೆ ಹಾಗೆಯೇ ಕಳುಹಿಸಿದ್ದು ಇನ್ನೊಂದು ಕೊರತೆ. ಪೌಡರ್ ಕೋಟಿಂಗ್ ಎಷ್ಟೇ ಚೆನ್ನಾಗಿದ್ದರೂ ತುಕ್ಕು ಶುರುವಾಗುವುದು ಕೊಯ್ದ ಬಾಯಿಯಲ್ಲಿಯೇ. ಒಂದು ಸಣ್ಣ ಡಬ್ಬಿ ರೆಡ್ ಆಕ್ಸೈಡ್ ತಂದು ನಾವೇ ಬಳಿದೆವು. ಇದನ್ನು ಅಂಗಡಿಯಲ್ಲಿಯೇ ಮಾಡಿಸಿಕೊಳ್ಳಿ. ಕಾಲುಗಳಿಗೆ ತಗಡಿನ ಬೇಸ್ ಪ್ಲೇಟೂ ಅದರ ಕೆಳಗೆ ರಬ್ಬರ್ ಬುಶ್ಶೂ ಎರಡೂ ಬೇಕೆಂದು ಮೊದಲೇ ಹೇಳಿಡಿ, ಇಲ್ಲವಾದರೆ ಟೈಲ್ಸಿನ ಮೇಲೆ ಗೀರು ಮತ್ತು ತುಕ್ಕಿನ ಕಲೆ ಉಳಿದು ಮಾಲೀಕರ ಜೊತೆ ಮಾತಿಗೆ ಕಾರಣವಾಗುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಆರ್ಡರ್ ಕೊಡುವ ಮೊದಲು ಸಂಘದ ಲಿಖಿತ ಒಪ್ಪಿಗೆ ಪಡೆಯುವುದು ಒಳ್ಳೆಯದು. ಬೇಸ್‌ಮೆಂಟಿನ ಪಾರ್ಕಿಂಗ್‌ನಲ್ಲಿ ತಲೆಯ ಮೇಲೆಯೇ ಸ್ಪ್ರಿಂಕ್ಲರ್ ಪೈಪು, ಗಾಳಿಯ ಡಕ್ಟು ಹಾದುಹೋಗಿರುತ್ತವೆ, ಅವುಗಳ ಕೆಳಗೆ ಸಾಮಾನು ಪೇರಿಸಿದರೆ ಬೆಂಕಿ ಬಿದ್ದಾಗ ನೀರು ಬೀಳುವ ದಾರಿಯೇ ಮುಚ್ಚಿಹೋಗುತ್ತದೆ. ಸ್ವಂತ ಮನೆಯಿದ್ದು ಸ್ಲ್ಯಾಬಿನಲ್ಲೇ ಸಜ್ಜ ಕಟ್ಟಿಸಲು ಅನುಕೂಲವಿದ್ದವರಿಗೂ ಇದರ ಅಗತ್ಯ ಕಡಿಮೆ.

ಆಂಗಲ್, ಮೇಲಿನ ತಗಡು, ಬೋಲ್ಟು, ಪ್ಲೈವುಡ್, ಸಾಗಣೆ, ಫಿಟ್ಟಿಂಗ್ ಕೂಲಿ ಎಲ್ಲ ಸೇರಿ ನಮಗೆ ಹನ್ನೆರಡು ಸಾವಿರ ರೂಪಾಯಿಯ ಆಸುಪಾಸು ತಗುಲಿತು. ಅಂಗಡಿಯವರು ಮೊದಲು ಹೇಳುವ ದರದಲ್ಲಿ ಶೇಕಡ 18ರ ಜಿಎಸ್‌ಟಿ ಸೇರಿರುವುದಿಲ್ಲ, ಆದ್ದರಿಂದ ಒಟ್ಟು ಮೊತ್ತವನ್ನೇ ಕೇಳಿ. ಬಿಲ್ಲಿನಲ್ಲಿ ಬರೀ "ರ್ಯಾಕ್ 1" ಎಂದು ಬರೆಸಿಕೊಳ್ಳದೆ ಆಂಗಲ್ಲಿನ ಗೇಜು, ಒಟ್ಟು ಅಡಿ, ತಗಡಿನ ಗೇಜು, ಕಾರ್ನರ್ ಪ್ಲೇಟುಗಳ ಸಂಖ್ಯೆ ಇವನ್ನು ಬೇರೆ ಬೇರೆಯಾಗಿ ಬರೆಸಿ. ನಮ್ಮ ತಗಡನ್ನು ಅವರು ಬದಲಿಸಿಕೊಟ್ಟದ್ದು ಬಿಲ್ಲಿನಲ್ಲಿ 20 ಗೇಜ್ ಎಂದು ಸ್ಪಷ್ಟವಾಗಿ ಬರೆದಿದ್ದುದರಿಂದ. ಮನೆ ಬದಲಿಸುವಾಗ ಬಿಚ್ಚಿ ಮತ್ತೆ ಜೋಡಿಸಿಕೊಡಲು ಏನು ಕೂಲಿಯಾಗುತ್ತದೆ ಎಂಬುದನ್ನು ಫಿಟ್ಟರ್‌ನಿಂದ ಆಗಲೇ ಕೇಳಿ, ಅದೇ ಬಿಲ್ಲಿನ ಹಿಂದೆ ಅವನ ಫೋನ್ ನಂಬರಿನ ಜೊತೆ ಬರೆಸಿ ಇಟ್ಟುಕೊಂಡಿದ್ದೇನೆ.